ಅದೇ ಅಕ್ಕಿ, ಬೇರೆ ಲೆಕ್ಕ

ರೇಷನ್ ಅಂಗಡಿ ಮುಂದೆ ಸಾಲು ನಿಂತಿದೆ. ಯಂತ್ರ ಅಜ್ಜಿಯ ಬೆರಳಚ್ಚು ಹಿಡಿಯುತ್ತಿಲ್ಲ. ಸೆರಗಿಗೆ ಬೆರಳು ಒರೆಸಿಕೊಂಡು ಮತ್ತೆ ಒತ್ತುತ್ತಾರೆ. ಈ ಸಲ ಚೀಟಿ ಬಂತು, ಅಕ್ಕಿ ತೂಗಿ ಚೀಲಕ್ಕೆ ಸುರಿದರು. ಈ ಅಕ್ಕಿಯ ಖರ್ಚು ಸರ್ಕಾರದ್ದು ಅಂತ ನಮಗೆಲ್ಲ ಗೊತ್ತು. ಆದರೆ ಅದು ಯಾವ ಪುಸ್ತಕದಲ್ಲಿ, ಯಾವ ವರ್ಷ ಬರೆಯಲ್ಪಟ್ಟಿತು ಎನ್ನುವುದರ ಮೇಲೆ ದೇಶದ ಒಂದು ದೊಡ್ಡ ಅಂಕಿಯೇ ಅಲ್ಲಾಡುತ್ತದೆ.

ಸರ್ಕಾರದ ಖರ್ಚು ಜಾಸ್ತಿಯೋ ಕಡಿಮೆಯೋ ಎಂದು ನೋಡಲು ಅದನ್ನು ಜಿಡಿಪಿಯಿಂದ ಭಾಗಿಸುತ್ತಾರೆ. ಜಿಡಿಪಿ ಅಂದರೆ ಒಂದು ವರ್ಷದಲ್ಲಿ ದೇಶದೊಳಗೆ ಹೊಸದಾಗಿ ಹುಟ್ಟಿದ ಸರಕು, ಸೇವೆಗಳ ಒಟ್ಟು ಬೆಲೆ. 2025-26ರ ಕೇಂದ್ರ ಬಜೆಟ್ ಮಂಡಿಸಿದಾಗ ಅಂದಾಜು ಖರ್ಚು 50.65 ಲಕ್ಷ ಕೋಟಿ ರೂಪಾಯಿ, ಜಿಡಿಪಿ ಸುಮಾರು 357 ಲಕ್ಷ ಕೋಟಿ. ಅಂದರೆ ಶೇ. 14.2. ಲೆಕ್ಕ ಇಷ್ಟೇ. ಕಷ್ಟವೆಲ್ಲ ಇರುವುದು ಮೇಲೆ ಖರ್ಚು ಅಂತ ಏನು ಬರೆಯಬೇಕು, ಕೆಳಗೆ ಜಿಡಿಪಿ ಅಂತ ಏನು ಬರೆಯಬೇಕು ಅನ್ನುವುದರಲ್ಲಿ.

ಅಕ್ಕಿಗೇ ಬರೋಣ. 2019-20ರಲ್ಲಿ ಕೇಂದ್ರದ ಆಹಾರ ಸಬ್ಸಿಡಿ ಸುಮಾರು 1.09 ಲಕ್ಷ ಕೋಟಿ ರೂಪಾಯಿ. ಮರುವರ್ಷವೇ ಅದು 5.41 ಲಕ್ಷ ಕೋಟಿ. ಕೊರೊನಾ ಕಾಲದಲ್ಲಿ ಒಬ್ಬೊಬ್ಬರಿಗೆ ತಿಂಗಳಿಗೆ 5 ಕೆಜಿ ಹೆಚ್ಚುವರಿ ಧಾನ್ಯ ಬಿಟ್ಟಿ ಕೊಟ್ಟರು, ಅದು ನಿಜ. ಆದರೆ ಐದು ಪಟ್ಟು ಏರಿದ್ದಕ್ಕೆ ಅದೊಂದೇ ಕಾರಣವಲ್ಲ. ಅದಕ್ಕೂ ಹಿಂದಿನ ಕೆಲವು ವರ್ಷ ಸಬ್ಸಿಡಿಯ ದೊಡ್ಡ ಪಾಲನ್ನು ಬಜೆಟ್‌ನಿಂದ ಕೊಡುತ್ತಿರಲಿಲ್ಲ. ಅದರ ಬದಲು ಭಾರತೀಯ ಆಹಾರ ನಿಗಮಕ್ಕೆ ರಾಷ್ಟ್ರೀಯ ಸಣ್ಣ ಉಳಿತಾಯ ನಿಧಿಯಿಂದ ಸಾಲ ಕೊಡಿಸುತ್ತಿದ್ದರು. ಆ ನಿಧಿಯಲ್ಲಿರುವುದು ಅಂಚೆ ಕಚೇರಿಯಲ್ಲಿ ನಾವು ಕಟ್ಟುವ ಆರ್‌ಡಿ, ಪಿಪಿಎಫ್‌ನಂಥ ಹಣ. ಅಕ್ಕಿ ಜನರಿಗೆ ಸಿಗುತ್ತಿತ್ತು, ದುಡ್ಡೂ ಖರ್ಚಾಗುತ್ತಿತ್ತು, ಆದರೆ ಅದು ನಿಗಮದ ಸಾಲ ಅಂತ ದಾಖಲಾಗುತ್ತಿತ್ತು. 2021ರ ಫೆಬ್ರುವರಿಯ ಬಜೆಟ್‌ನಲ್ಲಿ ಈ ಪದ್ಧತಿ ನಿಲ್ಲಿಸಿ, ಬಾಕಿಯನ್ನು ಸರ್ಕಾರದ 2020-21ರ ಲೆಕ್ಕಕ್ಕೇ ತಂದರು. ಅದು ಒಳ್ಳೆಯ ಕೆಲಸ ಅಂತಲೇ ನನ್ನ ಅಭಿಪ್ರಾಯ. ತಮ್ಮ ಉಳಿತಾಯದ ದುಡ್ಡು ಎಲ್ಲಿ ಹೋಗುತ್ತಿದೆ ಅಂತ ಜನರಿಗೆ ಗೊತ್ತಾಗಬೇಕು.

ಅದೇ ವರ್ಷ ಲಾಕ್‌ಡೌನ್‌ನಿಂದ ಜಿಡಿಪಿಯೂ ಕುಗ್ಗಿತು. ಮೇಲಿನ ಅಂಕಿ ಏರಿತು, ಕೆಳಗಿನದು ಇಳಿಯಿತು. ಹಾಗಾಗಿ ಕೇಂದ್ರದ ಖರ್ಚಿನ ಪಾಲು ಶೇ. 13ರ ಆಸುಪಾಸಿನಿಂದ ಒಂದೇ ವರ್ಷದಲ್ಲಿ 18ರ ಹತ್ತಿರ ಬಂತು.

ಕೆಳಗಿನ ಅಂಕಿಯೊಂದೇ ಎಷ್ಟು ಆಟ ಆಡಿಸಬಹುದು ಅಂತ ತೋರಿಸಿದ್ದು ಐರ್ಲೆಂಡ್. 2015ರಲ್ಲಿ ಅದರ ಜಿಡಿಪಿ ಶೇ. 26ರಷ್ಟು ಬೆಳೆದಿದೆ ಅಂತ ಲೆಕ್ಕ ಬಂತು. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟ್‌ಗಳಂಥ ಆಸ್ತಿಯನ್ನು ಕಾಗದದ ಮೇಲೆ ಅಲ್ಲಿಗೆ ವರ್ಗಾಯಿಸಿದ್ದು ಇದಕ್ಕೆ ಮುಖ್ಯ ಕಾರಣ. ಜಿಡಿಪಿ ಉಬ್ಬಿದ್ದಕ್ಕೆ ಸರ್ಕಾರದ ಖರ್ಚಿನ ಪಾಲು ದಿಢೀರನೆ ಇಳಿಯಿತು. ಯಾವ ಶಾಲೆಯೂ ಮುಚ್ಚಿರಲಿಲ್ಲ, ಯಾರ ಪಿಂಚಣಿಯೂ ನಿಂತಿರಲಿಲ್ಲ. 2017ರಲ್ಲಿ ಅಲ್ಲಿನ ಅಂಕಿಅಂಶ ಕಚೇರಿ ಈ ಉಬ್ಬು ತೆಗೆದ ಬೇರೊಂದು ಅಳತೆಯನ್ನೇ ಪ್ರಕಟಿಸಲು ಶುರುಮಾಡಿತು.

ಸರ್ಕಾರದ ಖರ್ಚಿನ ಪಾಲು ಫ್ರಾನ್ಸ್‌ನದು ಸುಮಾರು ಶೇ. 57, ನಮ್ಮದು ಬರೀ 14 ಅಂತ ಹೋಲಿಸುವವರಿದ್ದಾರೆ. ಅದು ತಪ್ಪು. ಫ್ರಾನ್ಸ್‌ನ ಅಂಕಿಯಲ್ಲಿ ಊರಿನ ಪುರಸಭೆ, ಪಿಂಚಣಿ ನಿಧಿ ಎಲ್ಲ ಸೇರಿವೆ. ನಮ್ಮ 14 ದೆಹಲಿಯದು ಮಾತ್ರ. ಶಾಲೆ, ಆಸ್ಪತ್ರೆ, ಪೊಲೀಸ್ ಖರ್ಚಿನ ಬಹುಪಾಲು ರಾಜ್ಯಗಳದು. ಹಾಗಂತ ಎರಡೂ ಬಜೆಟ್‌ಗಳನ್ನು ಸುಮ್ನೆ ಕೂಡಿಸುವ ಹಾಗೂ ಇಲ್ಲ. ಬಹುತೇಕ ರಾಜ್ಯಗಳಲ್ಲಿ ಬಿಸಿಯೂಟದ ಅಡುಗೆ ಖರ್ಚನ್ನು ಕೇಂದ್ರ 60, ರಾಜ್ಯ 40 ಎಂಬ ಲೆಕ್ಕದಲ್ಲಿ ಹಂಚಿಕೊಳ್ಳುತ್ತವೆ. ಕೇಂದ್ರ ಕಳಿಸಿದ ಹಣ ಒಮ್ಮೆ ಅದರ ಖರ್ಚಾಗಿ, ಇನ್ನೊಮ್ಮೆ ರಾಜ್ಯದ ಖರ್ಚಾಗಿ ಕಾಣುತ್ತದೆ. ಮಗುವಿನ ತಟ್ಟೆಗೆ ಬೀಳುವುದು ಒಂದೇ ಸೌಟು ಸಾರು. ಇಂಥವನ್ನೆಲ್ಲ ಕಳೆದು ಕೂಡಿಸಿದರೆ ನಮ್ಮದು ಶೇ. 28ರ ಆಸುಪಾಸು ಬರುತ್ತದೆ.

ಇನ್ನೊಂದು ಮಾತು. 57 ಅಂದ ತಕ್ಷಣ ಫ್ರಾನ್ಸ್‌ನ ಅರ್ಧಕ್ಕಿಂತ ಜಾಸ್ತಿ ಆರ್ಥಿಕತೆ ಸರ್ಕಾರದ ಕೈಯಲ್ಲಿದೆ ಅನ್ನಿಸುತ್ತದೆ, ಅಲ್ವಾ? ಹಾಗಲ್ಲ. ರೇಷನ್ ಸಾಲಿನಲ್ಲಿದ್ದ ಅಜ್ಜಿಗೆ ವೃದ್ಧಾಪ್ಯ ವೇತನ ಬರುತ್ತದೆ ಅಂದುಕೊಳ್ಳಿ. ಅದು ಸರ್ಕಾರದ ಖರ್ಚು, ಮೇಲಿನ ಅಂಕಿಗೆ ಸೇರುತ್ತದೆ. ಆದರೆ ಆ ಹಣ ಖಾತೆಗೆ ಬಿದ್ದ ಮಾತ್ರಕ್ಕೆ ಏನೂ ತಯಾರಾಗಿಲ್ಲ, ಹಾಗಾಗಿ ಜಿಡಿಪಿಗೆ ಸೇರುವುದಿಲ್ಲ. ಅಜ್ಜಿ ಅದರಲ್ಲಿ ಕಾಲು ಕೆಜಿ ಕಾಫಿಪುಡಿ ಕೊಂಡಾಗ ಜಿಡಿಪಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆಗಲೂ ಅದು ಸರ್ಕಾರದ ಖರೀದಿಯಾಗಿ ಅಲ್ಲ, ಅಜ್ಜಿಯ ಖರೀದಿಯಾಗಿ.