ಕರ್ನಲ್ ಅಪ್‌ಗ್ರೇಡ್ ಆದಮೇಲೆ ಡಿಸ್ಕ್ ಎರರ್: ಎಟಿಎ3 ಅಂದರೆ ಯಾವ ಡಿಸ್ಕ್?

ಉಬುಂಟು 24.04 ಲಿನಕ್ಸ್‌ನಲ್ಲಿ ಅದರ ತಿರುಳಾದ ಕರ್ನಲ್ 6.8ರಿಂದ 6.11ಕ್ಕೆ ಏರಿದ ಮೇಲೆ ನನ್ನ ಡೆಸ್ಕ್‌ಟಾಪ್ ಆಗಾಗ ಅರ್ಧ ನಿಮಿಷ ಕಲ್ಲಾಗಿ ನಿಂತುಬಿಡುತ್ತಿತ್ತು. ಮೌಸ್ ಓಡಾಡುತ್ತದೆ, ಫೈಲ್ ಮಾತ್ರ ತೆರೆಯಲ್ಲ. ಎರಡು ಸಂಜೆ ಇದಕ್ಕೇ ಹೋಯಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮೊದಲ ಕೆಲಸ ಸುಲಭ. ಬೂಟ್ ಆಗುವಾಗ ಬರುವ ಗ್ರಬ್ ಮೆನುವಿನ ಅಡ್ವಾನ್ಸ್‌ಡ್ ಆಪ್ಷನ್ಸ್‌ಗೆ ಹೋಗಿ ಹಳೆ ಕರ್ನಲ್‌ನಲ್ಲಿ ಬೂಟ್ ಮಾಡಿ, ಅದೇ ಫೈಲುಗಳನ್ನು ಕಾಪಿ ಮಾಡಿ ನೋಡಿ. ನನಗೆ ಹಳೆಯದರಲ್ಲಿ ಒಂದೂ ಎರರ್ ಬರಲಿಲ್ಲ. ಹಾಗಂತ ಡಿಸ್ಕ್ ಚೆನ್ನಾಗಿದೆ ಎಂದು ಖಾತ್ರಿ ಆಗುವುದಿಲ್ಲ, ಅನುಮಾನ ಕರ್ನಲ್ ಕಡೆ ವಾಲುತ್ತದೆ ಅಷ್ಟೇ.

ಆಮೇಲೆ ಡಿಮೆಸೇಜ್ ಲಾಗ್, ಅಂದರೆ ಕರ್ನಲ್ ಬರೆದಿಡುವ ಸಂದೇಶಗಳು. ಅದರಲ್ಲಿ ಯಾವ ಪದ ಇದೆ ಅನ್ನೋದೇ ಮುಖ್ಯ. ಯುಎನ್‌ಸಿ ಅಂತಿದ್ದರೆ ಡಿಸ್ಕಿನ ಒಳಗಿನ ಡೇಟಾ ಓದಲಾಗುತ್ತಿಲ್ಲ. ಆಗ ಪ್ರಯೋಗ ಗಿಯೋಗ ಬಿಟ್ಟು ಮೊದಲು ಬ್ಯಾಕಪ್ ತಗೊಳ್ಳಿ. ಐಸಿಆರ್‌ಸಿ ಅಂತಿದ್ದರೆ ಮೊದಲ ಅನುಮಾನ ಕೇಬಲ್ ಮೇಲೆ. ನನಗೆ ಬಂದಿದ್ದು ಟೈಮೌಟ್, ಅದರ ಬೆನ್ನಿಗೇ ‘ಹಾರ್ಡ್ ರೀಸೆಟಿಂಗ್ ಲಿಂಕ್’, ಅಂದರೆ ಡಿಸ್ಕಿನ ಸಂಪರ್ಕವನ್ನೇ ಮತ್ತೆ ಶುರು ಮಾಡುವುದು. ಡಿಸ್ಕ್‌ಗೆ ಕಮಾಂಡ್ ಕಳಿಸಿದ ಮೇಲೆ ಕರ್ನಲ್ 30 ಸೆಕೆಂಡ್ ಕಾಯುತ್ತದೆ. ನನ್ನ ಅರ್ಧ ನಿಮಿಷದ ಲೆಕ್ಕ ಸಿಕ್ಕಿದ್ದು ಅಲ್ಲಿ!

ಈಗ ನಾನು ಮುಗ್ಗರಿಸಿದ ಜಾಗ. ಲಾಗ್‌ನಲ್ಲಿ ಇದ್ದದ್ದು ‘ಎಟಿಎ3’. ನನ್ನ ಹತ್ತಿರ ಇರುವುದು ಮೂರು ಡಿಸ್ಕ್: ಎಸ್‌ಡಿಎ, ಎಸ್‌ಡಿಬಿ, ಎಸ್‌ಡಿಸಿ. ಮೂರನೆಯದು ಎಸ್‌ಡಿಸಿ ತಾನೇ? ಅದರ ಮೇಲೆ ಸ್ಮಾರ್ಟ್ ಟೆಸ್ಟ್ (ಡಿಸ್ಕ್ ತನ್ನನ್ನೇ ಪರೀಕ್ಷಿಸಿಕೊಳ್ಳುವುದು) ಓಡಿಸಿದೆ. 5, 197, 198 ನಂಬರಿನ ಸಾಲುಗಳು, ಅಂದರೆ ಕೆಟ್ಟ ಸೆಕ್ಟರ್‌ಗಳ ಲೆಕ್ಕ, ಎಲ್ಲಾ ಸೊನ್ನೆ. ಕೇಬಲ್ ತೊಂದರೆ ಎಣಿಸುವ 199 ಕೂಡ ಸೊನ್ನೆ. ಆದರೂ ಅದರ ಕೇಬಲ್ ಬದಲಾಯಿಸಿದೆ. ಎರರ್ ಹಾಗೇ ಬರುತ್ತಿತ್ತು.

ತಪ್ಪು ಏನು ಅಂದರೆ, ಎಟಿಎ ನಂಬರ್ ಮದರ್‌ಬೋರ್ಡಿನ ಪೋರ್ಟಿನದು. ಎಸ್‌ಡಿಎ, ಎಸ್‌ಡಿಬಿ ಎಂಬ ಹೆಸರು ಡಿಸ್ಕ್ ಸಿಕ್ಕ ಸರದಿಯದು. ಖಾಲಿ ಪೋರ್ಟಿಗೂ ನಂಬರ್ ಇರುತ್ತದೆ, ಹೆಸರು ಇರುವುದಿಲ್ಲ. ನನ್ನ ಎರಡನೇ ಪೋರ್ಟ್ ಖಾಲಿ. ಹಾಗಾಗಿ ಎಟಿಎ3ರಲ್ಲಿ ಕೂತಿದ್ದದ್ದು ಎಸ್‌ಡಿಬಿ, ಹಳೆಯ ಸಾಟಾ (ಡಿಸ್ಕ್ ಜೋಡಿಸುವ ಒಂದು ಬಗೆ) ಎಸ್‌ಎಸ್‌ಡಿ. ಬಸ್ಸಲ್ಲಿ ಎರಡನೇ ಸೀಟು ಖಾಲಿ ಇದ್ದರೆ ಮೂರನೇ ಸೀಟಲ್ಲಿ ಕೂತವನು ಎರಡನೇ ಪ್ರಯಾಣಿಕ, ಅಷ್ಟೇ.

ಊಹೆ ಮಾಡುವುದೇ ಬೇಡ. ರೂಟ್‌ನಲ್ಲಿರುವ ‘ಸಿಸ್’ ಫೋಲ್ಡರ್‌ನ ಒಳಗೆ ‘ಬ್ಲಾಕ್’ ಫೋಲ್ಡರ್ ಇದೆ. ಅಲ್ಲಿ ‘ಎಲ್‌ಎಸ್ ಮೈನಸ್ ಎಲ್’ ಕೊಟ್ಟರೆ ಪ್ರತಿ ಡಿಸ್ಕಿನ ಮುಂದೆ ಬಾಣದ ಗುರುತು, ಆಮೇಲೆ ಉದ್ದನೆಯ ದಾರಿ ಕಾಣುತ್ತದೆ. ಎಸ್‌ಡಿಬಿಯ ದಾರಿಯಲ್ಲಿ ಎಟಿಎ3, ಅದರ ಪಕ್ಕದಲ್ಲೇ ಹೋಸ್ಟ್2, ಅಂದರೆ ಅದೇ ಪೋರ್ಟಿಗೆ ಕರ್ನಲ್ ಕೊಟ್ಟ ಇನ್ನೊಂದು ನಂಬರ್. ಇಲ್ಲಿ ಇನ್ನೊಂದು ಗುಂಡಿ: ಎಟಿಎ ಎಣಿಕೆ 1ರಿಂದ ಶುರು, ಹೋಸ್ಟ್ ಎಣಿಕೆ 0ಯಿಂದ. ಮುಂದೆ ಹೇಳುವ ಸೆಟ್ಟಿಂಗನ್ನು ನಾನು ಹೋಸ್ಟ್3ರಲ್ಲಿ ಬದಲಿಸಿ ಇನ್ನರ್ಧ ಗಂಟೆ ಕಳೆದೆ. ಯಾವಾಗಲೂ ಒಂದೇ ಕಮ್ಮಿ ಅಂತ ಲೆಕ್ಕ ಹಾಕಲೂ ಬೇಡಿ. ಯುಎಸ್‌ಬಿ ಡಿಸ್ಕುಗಳೂ ಹೋಸ್ಟ್ ನಂಬರ್ ತಗೊಳ್ಳುತ್ತವೆ. ದಾರಿಯನ್ನು ಓದಿ, ಸಾಕು.

ಕಾರಣ ಸಿಕ್ಕಿದ್ದು ಲಿಂಕ್ ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ. ಕೆಲಸ ಇಲ್ಲದಾಗ ಸಾಟಾ ಲಿಂಕ್ ತೂಕಡಿಸುತ್ತದೆ. ಕೆಲವು ಎಸ್‌ಎಸ್‌ಡಿಗಳು ಕರೆದಾಗ ಸರಿಯಾಗಿ ಏಳುವುದಿಲ್ಲ. ಮೊದಲು ಹೀಗೆ ತೂಕಡಿಸಲು ಬಿಡುವ ಪಾಲಿಸಿ, ಕರ್ನಲ್‌ನೊಳಗಿನ ಒಂದು ಪಟ್ಟಿಯಲ್ಲಿದ್ದ ಕಂಟ್ರೋಲರ್‌ಗಳಿಗೆ (ಡಿಸ್ಕ್ ಪೋರ್ಟುಗಳನ್ನು ನಡೆಸುವ ಚಿಪ್) ಮಾತ್ರ, ಹೆಚ್ಚಾಗಿ ಲ್ಯಾಪ್‌ಟಾಪ್‌ಗಳಿಗೆ ಸಿಗುತ್ತಿತ್ತು. 2024ರ 6.9 ಕರ್ನಲ್‌ನಲ್ಲಿ ಆ ಪಟ್ಟಿ ತೆಗೆದರು. ಕಂಟ್ರೋಲರ್ ‘ನನಗೆ ಆಗುತ್ತದೆ’ ಅಂದರೆ ಸಾಕು, ಹಾಟ್‌ಪ್ಲಗ್ (ಓಡುತ್ತಿರುವಾಗಲೇ ಡಿಸ್ಕ್ ತೆಗೆದು ಹಾಕಬಹುದಾದ) ಮತ್ತು ಹೊರಗಿನ ಪೋರ್ಟ್‌ಗಳನ್ನು ಬಿಟ್ಟು ಉಳಿದವಕ್ಕೆಲ್ಲ ಹಾಕುತ್ತಾರೆ. ನಾನು ಹಾರಿದ್ದು 6.8ರಿಂದ 6.11ಕ್ಕೆ, ನಡುವೆ ಇದು ಬಂದಿದೆ ನೋಡಿ.

‘ಸಿಸ್’, ‘ಕ್ಲಾಸ್’, ‘ಸ್ಕಸಿ ಹೋಸ್ಟ್’, ‘ಹೋಸ್ಟ್2’ ಅಂತ ಒಳಗೆ ಹೋದರೆ ಲಿಂಕ್ ಪವರ್ ಮ್ಯಾನೇಜ್‌ಮೆಂಟ್ ಪಾಲಿಸಿ ಎಂಬ ಫೈಲ್ ಇದೆ. ಅದರಲ್ಲಿ ‘ಮೀಡಿಯಂ ಪವರ್ ವಿತ್ ಡಿಐಪಿಎಂ’, ಅಂದರೆ ಲಿಂಕ್ ತೂಕಡಿಸಲಿ ಎಂಬ ಅರ್ಥದ ಸಾಲು ಇತ್ತು. ಅಲ್ಲಿ ‘ಮ್ಯಾಕ್ಸ್ ಪರ್ಫಾರ್ಮೆನ್ಸ್’ ಬರೆದೆ. ನಡುವೆ ಅಂಡರ್‌ಸ್ಕೋರ್ ಹಾಕಲೇಬೇಕು. ಸುಡೋ (ಅಡ್ಮಿನ್ ಅಧಿಕಾರ ಕೊಡುವ ಕಮಾಂಡ್) ಎಕೋ ಅಂತ ಬರೆದು ಫೈಲಿಗೆ ಕಳಿಸುವ ‘>’ ಬಾಣ ಹಾಕಿದರೆ ಪರ್ಮಿಷನ್ ಇಲ್ಲ ಅನ್ನುತ್ತದೆ, ಯಾಕೆಂದರೆ ಆ ಬಾಣ ಸುಡೋ ಒಳಗೆ ಬರುವುದಿಲ್ಲ. ಪೈಪ್ ಮಾಡಿ ಸುಡೋ ಟೀ ಬಳಸಿ. ಒಂದು ಗಂಟೆ ಕಾಪಿ ಮಾಡಿದೆ, ಲಾಗ್ ತೆಪ್ಪಗಿತ್ತು.

ರೀಬೂಟ್ ಆದರೆ ಇದು ಹೋಗುತ್ತದೆ. ಕಾಯಂ ಮಾಡಲು ಗ್ರಬ್‌ನ ಕರ್ನಲ್ ಸಾಲಿಗೆ ಎಹೆಚ್‌ಸಿಐ ಮಾಡ್ಯೂಲ್‌ನ (ಸಾಟಾ ಕಂಟ್ರೋಲರ್ ಡ್ರೈವರ್) ಮೊಬೈಲ್ ಎಲ್‌ಪಿಎಂ ಪಾಲಿಸಿಯನ್ನು 1 (ಮ್ಯಾಕ್ಸ್ ಪರ್ಫಾರ್ಮೆನ್ಸ್) ಅಂತ ಸೇರಿಸಿ, ಅಪ್‌ಡೇಟ್ ಗ್ರಬ್ ಓಡಿಸಿದೆ. ಇದು ಎಲ್ಲಾ ಪೋರ್ಟಿಗೂ ಅನ್ವಯ ಆಗುತ್ತದೆ. ಡೆಸ್ಕ್‌ಟಾಪ್‌ಗೆ ಪರವಾಗಿಲ್ಲ, ಲ್ಯಾಪ್‌ಟಾಪ್ ಆದರೆ ಬ್ಯಾಟರಿ ಸ್ವಲ್ಪ ಜಾಸ್ತಿ ತಿನ್ನುತ್ತದೆ.

ಫೈಲ್ ಸಿಸ್ಟಂ ಪರೀಕ್ಷಿಸಿ ರಿಪೇರಿ ಮಾಡುವ ಎಫ್‌ಎಸ್‌ಸಿಕೆ ಬಗ್ಗೆ ಒಂದೇ ಮಾತು: ಮೌಂಟ್ ಆಗಿರುವ, ಅಂದರೆ ಬಳಕೆಯಲ್ಲಿರುವ ಡಿಸ್ಕಿನ ಮೇಲೆ ರಿಪೇರಿ ಮಾಡಿಸಬೇಡಿ. ಲೈವ್ ಯುಎಸ್‌ಬಿಯಿಂದ ಬೂಟ್ ಮಾಡಿ, ಮೊದಲು ‘ಮೈನಸ್ ಎನ್’ ಕೊಟ್ಟು ಸುಮ್ನೆ ನೋಡಿ.

ಕರ್ನಲ್ಲೇ ಡೇಟಾ ಕೆಡಿಸಿದ ಉದಾಹರಣೆಗಳೂ ಇವೆ. 2018ರಲ್ಲಿ ಕರ್ನಲ್ 4.19ರ ಬ್ಲಾಕ್ ಲೇಯರ್ (ಡಿಸ್ಕ್‌ಗೆ ಓದು-ಬರಹದ ಕೋರಿಕೆ ಕಳಿಸುವ ಭಾಗ) ಬಗ್‌ಗೆ ಮೊದಲು ಬೈಸಿಕೊಂಡಿದ್ದು ಪಾಪದ ಇಎಕ್ಸ್‌ಟಿ4 ಫೈಲ್ ಸಿಸ್ಟಂ. 2023ರ ಡಿಸೆಂಬರ್‌ನಲ್ಲಿ ಕರ್ನಲ್ 6.1.64ರ ತೊಂದರೆಯಿಂದ ಡೆಬಿಯನ್ ಲಿನಕ್ಸ್‌ನ 12.3 ಬಿಡುಗಡೆಯನ್ನೇ ತಡೆದು 12.4 ಕೊಟ್ಟರು. ಅದಕ್ಕೇ ಹಳೆ ಕರ್ನಲ್ ಅನ್ನು ನಾನಿನ್ನೂ ತೆಗೆದಿಲ್ಲ.

ಈಗ ಕ್ಯಾಬಿನೆಟ್ ಒಳಗೆ ಪ್ರತಿ ಕೇಬಲ್‌ಗೂ ಚೀಟಿ ಅಂಟಿಸಿದ್ದೇನೆ: ಎಟಿಎ ನಂಬರ್, ಜೊತೆಗೆ ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿ. ಎಸ್‌ಡಿಬಿ ಅಂತ ಬರೆದಿಲ್ಲ, ಆ ಹೆಸರು ನಾಳೆ ಬೂಟ್ ಮಾಡಿದಾಗ ಬೇರೆಯಾಗಬಹುದು.