ಬರಿಮುಖದ ಗೋಲ್‌ಕೀಪರ್‌ಗಳ ಕಾಲ ಮುಗಿದ ಬಗೆ

ಐಸ್ ಹಾಕಿಯ ಪಕ್ ಗಟ್ಟಿ ರಬ್ಬರಿನ ಬಿಲ್ಲೆ: 3 ಅಂಗುಲ ಅಗಲ, 1 ಅಂಗುಲ ದಪ್ಪ, ತೂಕ ಸುಮಾರು 170 ಗ್ರಾಂ. ಪಂದ್ಯಕ್ಕೆ ಮುನ್ನ ಅದನ್ನು ಮಂಜುಗಟ್ಟುವಷ್ಟು ತಣ್ಣಗೆ ಇಡುವುದರಿಂದ ಅದು ಪುಟಿಯುವುದು ಕಡಿಮೆಯಾಗುತ್ತದೆ, ಗಡಸುತನ ಹೆಚ್ಚುತ್ತದೆ. ಉತ್ತರ ಅಮೆರಿಕದ ನ್ಯಾಷನಲ್ ಹಾಕಿ ಲೀಗ್‌ನ ಗೋಲ್‌ಕೀಪರ್‌ಗಳು ದಶಕಗಳ ಕಾಲ ಇಂಥ ಬಿಲ್ಲೆಯನ್ನು ಬರಿಮುಖದಲ್ಲೇ ಎದುರಿಸಿದರು. ಆ ಪದ್ಧತಿಯನ್ನು ಮುರಿದವರು ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಜಾಕ್ ಪ್ಲಾಂಟ್. ಅದು ಅವರ ಧೈರ್ಯದ ಕಥೆಯೆಂದೇ ಸಾಮಾನ್ಯವಾಗಿ ಹೇಳಲಾಗುತ್ತದೆಯಾದರೂ, ಅಂದಿನ ಲೀಗ್‌ನ ವ್ಯವಸ್ಥೆಯೇ ಅವರ ಕೈಗೆ ಒಂದು ಅಸ್ತ್ರ ಕೊಟ್ಟಿತ್ತೆಂಬುದನ್ನು ಮರೆಯಬಾರದು.

ಮುಖಕವಚ ಪ್ಲಾಂಟ್ ಅವರ ಕಲ್ಪನೆಯೇನೂ ಅಲ್ಲ. 1927ರಲ್ಲಿ ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಆಟಗಾರ್ತಿ ಎಲಿಜಬೆತ್ ಗ್ರಹಾಂ ಕತ್ತಿವರಸೆಯವರ ಜಾಲರಿ ಮುಖವಾಡ ತೊಟ್ಟು ಗೋಲು ಕಾದಿದ್ದರು. 1930ರಲ್ಲಿ ಮಾಂಟ್ರಿಯಲ್ ಮರೂನ್ಸ್‌ನ ಕ್ಲಿಂಟ್ ಬೆನೆಡಿಕ್ಟ್ ಚರ್ಮದ ಕವಚವೊಂದನ್ನು ಕೆಲವು ಪಂದ್ಯಗಳಲ್ಲಿ ಧರಿಸಿ, ಮೂಗಿನ ಮೇಲಿನ ಭಾಗ ನೋಟಕ್ಕೆ ಅಡ್ಡಬರುತ್ತದೆಂದು ಬಿಟ್ಟುಬಿಟ್ಟರು. ಆಮೇಲೆ ಲೀಗ್‌ನಲ್ಲಿ ಸುಮಾರು ಮೂರು ದಶಕ ಅದರ ಸುದ್ದಿಯಿಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: 1942ರಿಂದ ಲೀಗ್‌ನಲ್ಲಿದ್ದದ್ದು ಆರೇ ತಂಡಗಳು, ತಂಡಕ್ಕೊಬ್ಬ ಗೋಲ್‌ಕೀಪರ್. ಅಂಜುಬುರುಕನೆಂಬ ಹೆಸರು ಬಂದರೆ ಆ ಜಾಗಕ್ಕಾಗಿ ಕಾದು ಕುಳಿತವರಿಗೇನೂ ಕೊರತೆಯಿರಲಿಲ್ಲ.

1929ರಲ್ಲಿ ಕ್ವಿಬೆಕ್ ಪ್ರಾಂತ್ಯದಲ್ಲಿ ಹುಟ್ಟಿ, ಹನ್ನೊಂದು ಮಕ್ಕಳ ಬಡ ಕುಟುಂಬದಲ್ಲಿ ಹಿರಿಯವರಾಗಿ ಬೆಳೆದ ಪ್ಲಾಂಟ್ ಗೋಲಿನ ಮುಂದೆ ನಿಂತದ್ದೇ ಉಬ್ಬಸದ ದೆಸೆಯಿಂದ. ಹೆಚ್ಚು ಹೊತ್ತು ಸ್ಕೇಟ್ ಮಾಡಲು ಅವರಿಗೆ ಆಗುತ್ತಿರಲಿಲ್ಲ. ತಾಯಿಯಿಂದ ಕಲಿತ ಹೆಣಿಗೆಯಲ್ಲಿ ತಮ್ಮ ಉಣ್ಣೆಯ ಟೊಪ್ಪಿಗೆಗಳನ್ನು ತಾವೇ ಹೆಣೆದುಕೊಳ್ಳುತ್ತಿದ್ದರು. ಅದನ್ನು ತೊಟ್ಟು ಆಡಬಾರದೆಂದು ಮಾಂಟ್ರಿಯಲ್‌ನ ಅಂದಿನ ತರಬೇತುದಾರರು ತಕರಾರು ತೆಗೆದದ್ದೂ ಉಂಟು. ತಲೆಯ ಮೇಲೆ ಏನಿರಬೇಕೆಂಬ ಜಗಳ ಅವರಿಗೆ ಹೊಸದಾಗಿರಲಿಲ್ಲ. 1950ರ ದಶಕದಲ್ಲಿ ಕೆನ್ನೆಮೂಳೆ ಮುರಿದುಕೊಂಡ ಮೇಲೆ ಅಭ್ಯಾಸದಲ್ಲಿ ಕವಚ ಧರಿಸತೊಡಗಿದರು. ಬಿಲ್ ಬರ್ಚ್‌ಮೋರ್ ಎಂಬುವರು ಅವರ ಮುಖದ ಅಚ್ಚಿನ ಮೇಲೆ ಫೈಬರ್‌ಗ್ಲಾಸ್ ಪದರಗಳನ್ನು ಕೂರಿಸಿ, ಮೈಬಣ್ಣದ ಹೊಸ ಕವಚವೊಂದನ್ನು ಮಾಡಿಕೊಟ್ಟರು. ಪಂದ್ಯದಲ್ಲಿ ಅದನ್ನು ಧರಿಸಲು ತರಬೇತುದಾರ ಟೋ ಬ್ಲೇಕ್ ಒಪ್ಪಲಿಲ್ಲ.

1959ರ ನವೆಂಬರ್ 1ರಂದು ನ್ಯೂಯಾರ್ಕಿನಲ್ಲಿ ರೇಂಜರ್ಸ್‌ನ ಆಂಡಿ ಬಾತ್‌ಗೇಟ್ ಹೊಡೆದ ಪಕ್ ಪ್ಲಾಂಟ್ ಅವರ ಮುಖವನ್ನು ಸೀಳಿತು. ಹೊಲಿಗೆ ಹಾಕಿಸಿಕೊಂಡ ಅವರು, ಕವಚವಿಲ್ಲದೆ ಮತ್ತೆ ಅಂಕಣಕ್ಕೆ ಇಳಿಯುವುದಿಲ್ಲವೆಂದು ಪಟ್ಟು ಹಿಡಿದರು. ತಂಡಗಳು ಆಗ ಎರಡನೆಯ ಗೋಲ್‌ಕೀಪರ್‌ನನ್ನು ಜೊತೆಗೆ ಕರೆದೊಯ್ಯುತ್ತಿರಲಿಲ್ಲ. ಗಾಯವಾದರೆ ಆತಿಥೇಯ ತಂಡ ಒದಗಿಸುವ ಯಾರೋ ಹವ್ಯಾಸಿಯೇ ಗತಿ. ಲೀಗ್‌ನ ಚಾಂಪಿಯನ್ನರಿಗೆ ಸಿಗುವ ಸ್ಟಾನ್ಲಿ ಕಪ್ಪನ್ನು ಸತತ ನಾಲ್ಕು ಬಾರಿ ಗೆದ್ದ ತಂಡದ ತರಬೇತುದಾರರಿಗೆ ಒಪ್ಪದೆ ವಿಧಿಯಿರಲಿಲ್ಲ. ಮೀಸಲು ಆಟಗಾರನೊಬ್ಬ ಬೆಂಚಿನ ಮೇಲಿದ್ದಿದ್ದರೆ ಆ ಹಟ ಎಷ್ಟು ಹೊತ್ತು ನಿಲ್ಲುತ್ತಿತ್ತೆಂಬುದು ಅನುಮಾನವೇ. ಮಾಂಟ್ರಿಯಲ್ 3-1ರಿಂದ ಗೆದ್ದಿತು.

ಗಾಯ ಮಾಯುವವರೆಗೆ ಮಾತ್ರ ಎಂಬುದು ಬ್ಲೇಕ್ ಅವರ ಎಣಿಕೆ. ಆದರೆ ತಂಡ ಗೆಲ್ಲುತ್ತಲೇ ಹೋದದ್ದರಿಂದ ಕವಚ ತೆಗೆಯೆಂದು ಒತ್ತಾಯಿಸಲು ನೆಪ ಸಿಗಲಿಲ್ಲ. 1960ರ ಮಾರ್ಚ್ 8ರಂದು ಅವರ ಕೋರಿಕೆಯಂತೆ ಪ್ಲಾಂಟ್ ಒಮ್ಮೆ ಬರಿಮುಖದಲ್ಲಿ ಆಡಿದಾಗ ಮಾಂಟ್ರಿಯಲ್ ಡೆಟ್ರಾಯಿಟ್ ಎದುರು 3-0ರಿಂದ ಸೋತಿತು; ಮರು ಪಂದ್ಯಕ್ಕೆ ಕವಚ ವಾಪಸ್ಸಾಯಿತು. ಆ ವಸಂತದ ಪ್ಲೇಆಫ್‌ನ, ಅಂದರೆ ಕಪ್‌ಗಾಗಿ ನಡೆಯುವ ಕೊನೆಯ ಸುತ್ತುಗಳ, ಎಂಟೂ ಪಂದ್ಯ ಗೆದ್ದು ತಂಡ ಸತತ ಐದನೆಯ ಸಲ ಕಪ್ ಎತ್ತಿತು.

ಎಲ್ಲರೂ ತಕ್ಷಣ ಹಿಂಬಾಲಿಸಲಿಲ್ಲ. ಡೆಟ್ರಾಯಿಟ್‌ನ ಟೆರಿ ಸಾವ್‌ಚಕ್ 1962ರಲ್ಲಿ ಕವಚ ಧರಿಸಿದರು. ಬರಿಮುಖದಲ್ಲೇ ಸತತ 502 ಪಂದ್ಯಗಳನ್ನಾಡಿದ ಗ್ಲೆನ್ ಹಾಲ್ ವೃತ್ತಿಜೀವನದ ಕೊನೆಯ ವರ್ಷಗಳವರೆಗೂ ಕಾದರು. 1965ರಲ್ಲಿ ಒಮ್ಮೆ ನಿವೃತ್ತರಾಗಿದ್ದ ಪ್ಲಾಂಟ್, 1968ರಲ್ಲಿ ಮರಳಿ ಬಂದು ಸೇಂಟ್ ಲೂಯಿಸ್ ತಂಡದಲ್ಲಿ ಇದೇ ಹಾಲ್ ಜೊತೆ ಗೋಲು ಕಾಯುವ ಕೆಲಸ ಹಂಚಿಕೊಂಡರು, ಅತಿ ಕಡಿಮೆ ಗೋಲು ಬಿಟ್ಟುಕೊಟ್ಟ ತಂಡದ ಗೋಲ್‌ಕೀಪರ್‌ಗಳಿಗೆ ಆಗ ಕೊಡುತ್ತಿದ್ದ ವೆಜಿನಾ ಟ್ರೋಫಿಯನ್ನೂ ಹಂಚಿಕೊಂಡರು. ಅದು ಪ್ಲಾಂಟ್ ಅವರಿಗೆ ಏಳನೆಯದು. 1970ರ ಫೈನಲ್‌ನಲ್ಲಿ ಬಾಸ್ಟನ್ ಆಟಗಾರರ ಹೊಡೆತವೊಂದು ಹಣೆಗೆ ಬಡಿದು ಅವರು ಪ್ರಜ್ಞೆ ತಪ್ಪಿದರು. ಜೀವ ಉಳಿಸಿದ್ದು ಕವಚವೇ ಎಂದು ಅವರೇ ಹೇಳಿಕೊಂಡರು. ಮರುವರ್ಷ, 42ರ ವಯಸ್ಸಿನಲ್ಲಿ, ಟೊರಾಂಟೊ ಪರ ಆಡುತ್ತಾ ಪಂದ್ಯಕ್ಕೆ ಸರಾಸರಿ 1.88 ಗೋಲು ಮಾತ್ರ ಬಿಟ್ಟುಕೊಟ್ಟು ಲೀಗ್‌ಗೇ ಮೊದಲಿಗರಾದರು. ಲೀಗ್‌ನಲ್ಲಿ ಕವಚವಿಲ್ಲದೆ ಆಡಿದ ಕೊನೆಯ ಗೋಲ್‌ಕೀಪರ್ ಪಿಟ್ಸ್‌ಬರ್ಗಿನ ಆಂಡಿ ಬ್ರೌನ್. ಅದು 1974ರ ಏಪ್ರಿಲ್‌ನಲ್ಲಿ. ಆ ಹೊತ್ತಿಗೆ ಪ್ಲಾಂಟ್ ಆ ಲೀಗ್ ಬಿಟ್ಟು ಒಂದು ವರ್ಷವಾಗಿತ್ತು.