ಉಯೆಡ ಕಳೆದದ್ದು, ಕಳೆದದ್ದಕ್ಕೆ ತೆತ್ತದ್ದು

ಜಪಾನಿನ ಫುಮಿಟೊ ಉಯೆಡ ಅಂದರೆ ಆಟದಿಂದ ಬೇಡದ್ದನ್ನೆಲ್ಲ ಕಳೆದುಬಿಡುವ ವಿಡಿಯೋ ಗೇಮ್ ನಿರ್ದೇಶಕ ಅನ್ನುತ್ತಾರೆ. ಮಾತು ನಿಜ. ಆದರೆ ಕಳೆದರೆ ಕೆಲಸ ಹಗುರವಾಗುತ್ತದೆ ಎಂದು ಹೊಸದಾಗಿ ಗೇಮ್ ಕಟ್ಟುವವರು ನಂಬಿಕೊಳ್ಳುತ್ತಾರಲ್ಲ, ಅಲ್ಲೇ ಎಡವುವುದು.

1970ರಲ್ಲಿ ಹುಟ್ಟಿದ ಉಯೆಡ ಒಸಾಕಾದಲ್ಲಿ ಕಲೆ ಓದಿ, ವಾರ್ಪ್ ಎಂಬ ಗೇಮ್ ಕಂಪನಿಯಲ್ಲಿ ಅನಿಮೇಟರ್ ಆಗಿದ್ದು, 1997ರಲ್ಲಿ ಸೋನಿ ಸೇರಿದವರು. ಅವರ ಮೊದಲ ಆಟ 'ಇಕೊ' ಶುರುವಾಗಿದ್ದು ಸೋನಿಯ ಗೇಮ್ ಯಂತ್ರವಾದ ಮೊದಲ ಪ್ಲೇಸ್ಟೇಷನ್‌ಗೆ. ಅದರ ಶಕ್ತಿ ಸಾಲದೆ ಪ್ಲೇಸ್ಟೇಷನ್ 2ಕ್ಕೆ ಬಂದು, 2001ರಲ್ಲಿ ಬಿಡುಗಡೆಯಾಯಿತು. ಆಟದಲ್ಲಿ ಎಷ್ಟು ಜೀವ ಉಳಿದಿದೆ ಎಂದು ತೋರಿಸುವ ಪಟ್ಟಿ ಇಲ್ಲ, ಶತ್ರುಗಳೆಂದರೆ ಬಹುತೇಕ ನೆರಳುಗಳೇ. ಕೈಯಲ್ಲಿರುವ ಕಂಟ್ರೋಲರ್‌ನ ಆರ್1 ಗುಂಡಿ ಒತ್ತಿದರೆ ನಾವು ಆಡಿಸುವ ಹುಡುಗ ಜೊತೆಗಿರುವ ಹುಡುಗಿಯ ಕೈ ಹಿಡಿಯುತ್ತಾನೆ. ಬಿಟ್ಟರೆ ನೆರಳುಗಳು ಅವಳನ್ನು ಎಳೆದೊಯ್ಯುತ್ತವೆ. ಪರದೆಯ ಮೇಲೆ ಅಂಕಿ ಇಲ್ಲದ್ದರಿಂದ ಅವಳಿಗಿರುವ ಅಪಾಯವನ್ನೆಲ್ಲ ಚಲನೆಯೇ ಹೇಳಬೇಕು. ಆ ಚಲನೆಯನ್ನು ಕೀಫ್ರೇಮ್, ಅಂದರೆ ಮುಖ್ಯ ಭಂಗಿಗಳನ್ನು, ಒಂದೊಂದಾಗಿ ಇಟ್ಟು ಕೈಯಲ್ಲೇ ತಿದ್ದಿದರು.

ನಿಜವಾದ ಪೆಟ್ಟು ಬಿದ್ದದ್ದು 2005ರ 'ಶ್ಯಾಡೋ ಆಫ್ ದ ಕೊಲೋಸಸ್'ನಲ್ಲಿ. ಮೊದಲು ಯೋಚಿಸಿದ್ದು 48 ದೈತ್ಯರು, ಉಳಿದದ್ದು 16. ಪುಡಿ ಶತ್ರುಗಳಿಲ್ಲ, ಊರುಗಳಿಲ್ಲ. ನಾಯಕ ದೈತ್ಯನನ್ನು ಹತ್ತಿಯೇ ಕೊಲ್ಲಬೇಕು, ಹಾಗಾಗಿ ದೈತ್ಯನ ಮೈಯೇ ಆಟದ ಅಂಗಳ. ಮಾಮೂಲಿ ಆಟದಲ್ಲಿ ಹತ್ತುವ ಗೋಡೆ ಅಲುಗಾಡುವುದಿಲ್ಲ. ಇಲ್ಲಿ ಗೋಡೆಯೇ ನಡೆಯುತ್ತದೆ, ಮೈ ಕೊಡವುತ್ತದೆ. ಎಲುಬು ತಿರುಗಿದಂತೆ ಚರ್ಮ ಬಾಗಬೇಕು, ಅದರ ಜೊತೆಗೇ ಕೊಲಿಷನ್ ಮೇಲ್ಮೈಯೂ, ಅಂದರೆ ಕೈ ಎಲ್ಲಿ ತಾಗುತ್ತದೆ ಎಂದು ಲೆಕ್ಕ ಹಾಕುವ ಕಾಣದ ಮೈಯೂ, ಬಾಗಬೇಕು. ಇಲ್ಲದಿದ್ದರೆ ಕೈ ಒಳಗೆ ಹೂತುಹೋಗುತ್ತದೆ, ಇಲ್ಲವೇ ಗಾಳಿಯಲ್ಲಿ ತೇಲುತ್ತದೆ.

ಇದನ್ನು ನೀವೇ ಮಾಡಿ ನೋಡುವುದಾದರೆ ದೈತ್ಯನ ಬದಲು ಮೇಲೆ ಕೆಳಗೆ ಆಡುವ ಒಂದು ಪೆಟ್ಟಿಗೆ ಸಾಕು. ಹಿಡಿದ ಜಾಗವನ್ನು ಲೋಕದ ನಿರ್ದೇಶಾಂಕದಲ್ಲಿ, ಅಂದರೆ ಇಡೀ ಆಟದ ಜಗತ್ತಿನ ಅಳತೆಯಲ್ಲಿ, ಬರೆದಿಡಬೇಡಿ. ಪೆಟ್ಟಿಗೆಯದೇ ಲೋಕಲ್ ನಿರ್ದೇಶಾಂಕದಲ್ಲಿ, ಅಂದರೆ ಪೆಟ್ಟಿಗೆಯಿಂದಲೇ ಅಳೆದು, ಇಡಿ. ಪರದೆಯ ಪ್ರತಿ ಚಿತ್ರದಲ್ಲೂ, ಅಂದರೆ ಪ್ರತಿ ಫ್ರೇಮ್‌ನಲ್ಲೂ, ಮೊದಲು ಪೆಟ್ಟಿಗೆಯ ಅನಿಮೇಷನ್, ಆಮೇಲೆ ಕೊಲಿಷನ್, ಕೊನೆಗೆ ಹತ್ತುವವನು. ಈ ಸರದಿ ತಪ್ಪಿದರೆ ಅವನು ಒಂದು ಫ್ರೇಮ್ ಹಿಂದೆ ಬೀಳುತ್ತಾನೆ, ಕೈ ನಡುಗಿದಂತೆ ಕಾಣುತ್ತದೆ. ಇದನ್ನು ಅನಿಮೇಷನ್ನಿನ ತಪ್ಪೆಂದುಕೊಂಡು ದಿನಗಟ್ಟಲೆ ಅಲ್ಲೇ ತಡಕಾಡುವವರೇ ಹೆಚ್ಚು.

ದೈತ್ಯರ ಮೈಮೇಲಿನ ತುಪ್ಪಳದ್ದು ಇನ್ನೊಂದು ಕಥೆ. ಒಂದೇ ಮೈಯನ್ನು ಪಾರದರ್ಶಕ ಪದರಗಳಾಗಿ ಮತ್ತೆ ಮತ್ತೆ ಬಿಡಿಸಿದರೆ ರೋಮದಂತೆ ಕಾಣುತ್ತದೆ, ಆದರೆ ಒಂದೊಂದು ಪದರಕ್ಕೂ ಪಿಕ್ಸೆಲ್ ಖರ್ಚು. 32 ಎಂಬಿ ಮುಖ್ಯ ಮೆಮೊರಿಯ ಪ್ಲೇಸ್ಟೇಷನ್ 2ರಲ್ಲಿ ಇಷ್ಟೆಲ್ಲ ಒಟ್ಟಿಗೆ ಬಿದ್ದಾಗ ಫ್ರೇಮ್ ವೇಗ ಸೆಕೆಂಡಿಗೆ 30 ಬಿಟ್ಟು ಬಹಳ ಕೆಳಗಿಳಿಯುತ್ತಿತ್ತು.

2009ರಲ್ಲಿ ತೋರಿಸಿದ 'ದ ಲಾಸ್ಟ್ ಗಾರ್ಡಿಯನ್' ಪ್ಲೇಸ್ಟೇಷನ್ 3ರಲ್ಲಿ ಸಿಕ್ಕಿಕೊಂಡು, ಮುಂದಿನ ಯಂತ್ರಕ್ಕೆ ದಾಟಿ, ಕೈ ಸೇರಿದ್ದು 2016ರಲ್ಲಿ. ಅಷ್ಟರಲ್ಲಿ ಉಯೆಡ ಸೋನಿಯ ನೌಕರಿ ಬಿಟ್ಟು, 2014ರಲ್ಲಿ ಹಳೆಯ ಜೊತೆಗಾರರೊಂದಿಗೆ ಜೆನ್‌ಡಿಸೈನ್ ಎಂಬ ಸ್ಟುಡಿಯೋ ಕಟ್ಟಿದ್ದರು. ಈ ಆಟದಲ್ಲಿ ಹುಡುಗನ ಜೊತೆಗಿರುವ ಟ್ರಿಕೊ ಎಂಬ ದೊಡ್ಡ ಪ್ರಾಣಿ ಕರೆದ ತಕ್ಷಣ ಬರುವುದಿಲ್ಲ. ಹಲವರು ಬೈದರು. ನನ್ನ ಮಟ್ಟಿಗೆ ಆ ತಡ ಸರಿ, ಸಾಕಿದ ನಾಯಿಯೂ ಹಾಗೇ. ಇಕ್ಕಟ್ಟಿನಲ್ಲಿ ಗೋಡೆಗೆ ಅಂಟುವ ಕ್ಯಾಮೆರಾಕ್ಕೆ ಮಾತ್ರ ಕ್ಷಮೆ ಇಲ್ಲ.

2024ರ ಡಿಸೆಂಬರ್‌ನಲ್ಲಿ ಅವರು ತೋರಿಸಿದ ಮುಂದಿನ ಆಟದ ತುಣುಕಿನಲ್ಲೂ ಪುಟ್ಟ ಮನುಷ್ಯನೊಬ್ಬ ದೈತ್ಯನನ್ನು ಹತ್ತುತ್ತಾನೆ. ಈ ಸಲ ದೈತ್ಯ ಯಂತ್ರ, ಮೈಮೇಲೆ ತುಪ್ಪಳ ಇಲ್ಲ.